ದಿನಾ ಸ್ಕೂಟರಿಗೆ ಹಾಕೋಕೆ ಯಾವುದು? ಹೂಡಿನಾ, ಫ್ಲೀಸಾ, ಜರ್ಕಿನ್ನಾ?

ಗಣಿತ ಮಿಸ್:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಹಿಂದಿನ ಕಥೆ ಸ್ವಲ್ಪ ಉದ್ದ. ಬೇಸರ ಮಾಡಿಕೊಳ್ಳಬೇಡಿ.

ನಾನು ವಿದ್ಯಾರಣ್ಯಪುರದಿಂದ ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಯ ಒಂದು ಶಾಲೆಗೆ ದಿನಾ ಸ್ಕೂಟರಿನಲ್ಲಿ ಹೋಗುತ್ತೇನೆ. 12 ಕಿಲೋಮೀಟರ್. ಬೆಳಿಗ್ಗೆ 6:50ಕ್ಕೆ ಮನೆ ಬಿಡುತ್ತೇನೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯಿತು ಅಂದರೆ ಸಾಕು, ಪುಟ್ಟೇನಹಳ್ಳಿ ಕೆರೆ ಹತ್ತಿರ ಬರುವಾಗ ಗಾಳಿ ನೇರ ಎದೆಗೇ ಹೊಡೆಯುತ್ತದೆ. ಮೊಬೈಲು ನೋಡಿದರೆ 15 ಡಿಗ್ರಿ ಅಂತ ಇರುತ್ತದೆ. 15 ಒಂದು ಚಳಿಯೇನೇ ಅಂತಾರೆ ನಮ್ಮ ಯಜಮಾನರು. ಅವರು ಕಾರಲ್ಲಿ ಹೋಗುತ್ತಾರೆ, ಗಾಜು ಏರಿಸಿಕೊಂಡು.

ಮಧ್ಯಾಹ್ನ 3:30ಕ್ಕೆ ವಾಪಸ್ ಹೊರಡುವಾಗ ಇದೇ ರಸ್ತೆಯಲ್ಲಿ 27, 28 ಡಿಗ್ರಿ ಬಿಸಿಲು. ಅಂದರೆ ಬೆಳಿಗ್ಗೆ ನಲವತ್ತು ನಿಮಿಷ ಬೇಕಾದ ಬಟ್ಟೆಯನ್ನು ಮಿಕ್ಕ ಎಂಟು ಗಂಟೆ ಹೊತ್ತು ತಿರುಗಬೇಕು. ಈ ಲೆಕ್ಕವೇ ನನಗೆ ಸರಿ ಹೋಗುತ್ತಿಲ್ಲ.

ಹೋದ ವರ್ಷ ಆನ್‌ಲೈನಿನಲ್ಲಿ 799 ರೂಪಾಯಿಗೆ ಒಂದು ಮೆರೂನ್ ಹೂಡಿ ತರಿಸಿದ್ದೆ. (ವೈಟ್‌ಫೀಲ್ಡ್ ಪಕ್ಕದ ಹೂಡಿ ಅಲ್ಲ, ಟೋಪಿ ಇರುವ ಜಿಪ್ಪಿನ ಸ್ವೆಟರ್. ‘ಹೂಡಿ ಬರ್ತಾ ಇದೆ’ ಅಂದಾಗ ನಮ್ಮತ್ತೆ ಅಡುಗೆಮನೆಯಿಂದ ‘ಯಾರು, ಹೂಡಿಯವರಾ? ಊಟಕ್ಕಿರ್ತಾರಾ?’ ಅಂತ ಕೇಳಿದ್ದರು.) ಬಟ್ಟೆ ಮೆತ್ತಗಿತ್ತು, ಬಣ್ಣ ಚೆನ್ನಾಗಿತ್ತು. ಆದರೆ ಗಾಡಿ ಓಡಿಸುವಾಗ ಬೆನ್ನ ಹಿಂದಿನ ಟೋಪಿಯಲ್ಲಿ ಗಾಳಿ ತುಂಬಿ ಕುತ್ತಿಗೆಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಯಾರೋ ಕಾಲರ್ ಹಿಡಿದು ಎಳೆದ ಹಾಗೆ. ಎರಡು ಸಲ ನನ್ನ ಕರಿಮಣಿ ಸರ ಜಿಪ್ಪಿನ ಹಲ್ಲಿಗೆ ಸಿಕ್ಕಿ ಹಾಕಿಕೊಂಡಿತು. ಎರಡನೇ ಸಲ ಒಂದು ಮಣಿ ಹೋಯಿತು.

ಕೊನೆಗೆ ಜನವರಿಯ ಒಂದು ಸೋಮವಾರ ಸ್ಟಾಫ್‌ರೂಮಿನಲ್ಲಿ ಜಿಪ್ಪೇ ಕೈಕೊಟ್ಟಿತು. ರನ್ನರ್ ಕುತ್ತಿಗೆ ಹತ್ತಿರ ಕೂತಿದೆ, ಅದರ ಕೆಳಗೆ ಹಲ್ಲೆಲ್ಲ ಬಿಟ್ಟುಕೊಂಡು ಹೊಟ್ಟೆ ಹತ್ತಿರ ಬಾಯಿ ತೆರೆದಿದೆ. ಕೆಳಗೂ ಬರದು, ಮೇಲೂ ಹೋಗದು. ಪ್ರೇಯರ್ ಬೆಲ್ ಬೇರೆ ಹೊಡೆಯಿತು. ಬೇರೆ ದಾರಿ ಕಾಣದೆ ತಲೆಯ ಮೇಲಿಂದ ಎಳೆದೆ. ಜಡೆಯ ಕ್ಲಿಪ್ಪು ಸಿಕ್ಕಿಕೊಂಡು ಎರಡೂ ಕೈ ಮೇಲೆ, ಮುಖ ಒಳಗೆ. ಒಂಬತ್ತನೇ ಕ್ಲಾಸಿನ ಲೀಡರ್ ಹುಡುಗಿ ಅಟೆಂಡೆನ್ಸ್ ಬುಕ್ಕಿಗೆ ಬಂದವಳು ಬಾಗಿಲಲ್ಲೇ ನಿಂತು ‘ಮಿಸ್, ಒಳಗಿರೋದು ನೀವೇನಾ?’ ಅಂದಳು.

ಹೂಡಿ ಅಂದಿನಿಂದ ಬೀರುವಿನಲ್ಲಿದೆ. ಎಸೆಯೋಕೆ ಮನಸ್ಸಿಲ್ಲ.

ಈ ಭಾನುವಾರ ಅಂಗಡಿಗೆ ಹೋಗಿ ಮೂರು ಹಾಕಿ ನೋಡಿದೆ. ದಪ್ಪ ಕಾಟನ್ ಹೂಡಿ 1,199. ನಿಂತ ಕಾಲರಿನ, ಒಳಗೂ ಹೊರಗೂ ಜುಂಜು ಜುಂಜಾದ ಫ್ಲೀಸ್ 999. ತೆಳ್ಳಗಿನ ಜರ್ಕಿನ್ 1,299. ಮಡಚಿದರೆ ಅದರ ಜೇಬಿನೊಳಗೇ ಹೋಗಿ ಕೂರುತ್ತದೆ, ತೂಕವೇ ಇಲ್ಲ, ಆದರೆ ಹಾಕಿಕೊಂಡರೆ ಕೈ ಆಡಿಸಿದಾಗಲೆಲ್ಲ ಚಿಪ್ಸ್ ಪ್ಯಾಕೆಟ್ಟಿನ ಸದ್ದು. ನನ್ನ ಬಜೆಟ್ 1,500. ದಿನಾ ಕುರ್ತಾ, ಸೋಮವಾರ ಮಾತ್ರ ಸೀರೆ. ಜೇಬು ಬೇಕೇ ಬೇಕು, ಗಾಡಿ ಕೀಲಿ, ಮೊಬೈಲು ಮತ್ತೆ ಒಂದು ತುಂಡು ಸೀಮೆಸುಣ್ಣ ಹಿಡಿಯುವಷ್ಟು. ಚೆಂದ ಕಾಣಬೇಕು ಅಂತೇನಿಲ್ಲ. ಚೆಂದ ಕಂಡರೆ ಬೇಡ ಅನ್ನುವುದೂ ಇಲ್ಲ.

ಹಾಕಿ ನೋಡಿದವರು, ಹೊಲಿದು ನೋಡಿದವರು ಹೇಳಿ.

ಹೆಬ್ಬಾಳ ಫ್ಲೈಓವರ್:

ಮಿಸ್, ನಾನೂ ಸ್ಕೂಟರಿನವಳೇ. ಸಹಕಾರನಗರದಿಂದ ಮಾನ್ಯತಾ ಟೆಕ್ ಪಾರ್ಕಿಗೆ. ಫ್ಲೀಸ್ ಒಂದನ್ನೇ ನಂಬಿ ಗಾಡಿ ಹತ್ತಬೇಡಿ. ಮನೆಯೊಳಗೆ, ಬಸ್ಸೊಳಗೆ ಅದರಷ್ಟು ಬೆಚ್ಚಗಿರುವುದು ಇನ್ನೊಂದಿಲ್ಲ. ಗಾಡಿ ಮೇಲೆ ಮಾತ್ರ ಜರಡಿ ಹಾಕಿಕೊಂಡ ಹಾಗೆ. ಅದರ ಬೆಚ್ಚಗೆಲ್ಲ ಜುಂಜಿನ ನಡುವೆ ನಿಂತ ಗಾಳಿಯಿಂದ. ಎದುರು ಗಾಳಿ ಬಂದು ಆ ಬಿಸಿ ಗಾಳಿಯನ್ನು ತಳ್ಳಿಬಿಟ್ಟರೆ ಉಳಿಯುವುದು ಬರೀ ಬಟ್ಟೆ.

ಅಂಗಡಿಯಲ್ಲೇ ನೋಡಬಹುದು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಆ ಕಡೆ ಅಂಗೈ ಇಡಿ. ಫ್ಲೀಸಿನಲ್ಲಿ ಉಸಿರು ಸಲೀಸಾಗಿ ಅಂಗೈಗೆ ಬರುತ್ತದೆ. ಹೂಡಿಯಲ್ಲಿ ಸ್ವಲ್ಪ. ಜರ್ಕಿನ್ನಿನಲ್ಲಿ ಏನೂ ಬರಲ್ಲ, ನಿಮ್ಮ ಕೆನ್ನೆಯೇ ಉಬ್ಬುತ್ತದೆ. ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡಿದರೆ ನೋಡಲಿ ಬಿಡಿ.

ಜರ್ಕಿನ್ ಒಂದನ್ನೇ ಹಾಕಿದರೂ ಆಗಲ್ಲ. ಅದು ಗಾಳಿ ತಡೆಯುತ್ತದೆ, ಬೆಚ್ಚಗೆ ಮಾಡಲ್ಲ. ಜೊತೆಗೆ ಒಳಗಿನ ಬೆವರೂ ಹೊರಗೆ ಹೋಗಲ್ಲ. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಕುರ್ತಾ ಬೆನ್ನಿಗೆ ಅಂಟುತ್ತದೆ.

ಫಿನಿಶಿಂಗ್ ಸೆಕ್ಷನ್:

ನಮಸ್ತೆ ಮಿಸ್. ಪೀಣ್ಯದ ಕಡೆ ಗಾರ್ಮೆಂಟ್ಸಿನಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ. ಮೊದಲು ಓವರ್‌ಲಾಕ್ ಮಿಷನ್ ಮೇಲೆ, ಆಮೇಲೆ ಚೆಕಿಂಗಿನಲ್ಲಿ. ನಿಮ್ಮಂಥವರು ಹಾಕುವ ಜಿಪ್ ಹೂಡಿ ದಿನಕ್ಕೆ ನೂರಾರು ನನ್ನ ಕೈ ದಾಟಿ ಹೋಗಿವೆ. ಎಲ್ಲರೂ ಬಟ್ಟೆ ಮುಟ್ಟಿ ನೋಡಿ ತಗೊಳ್ಳುತ್ತಾರೆ. ಜಿಪ್ಪು ನೋಡಲ್ಲ. ಬಟ್ಟೆ ಹರಿದು ಮೂಲೆಗೆ ಬಿದ್ದ ಹೂಡಿ ನಾನು ಕಂಡಿಲ್ಲ. ಮೂಲೆಗೆ ಬಿದ್ದಿರುವುದೆಲ್ಲ ಜಿಪ್ಪಿಗೇ.

ರನ್ನರನ್ನು ತಿರುವಿ ಬೆನ್ನು ನೋಡಿ. ತುಂಬ ಜಿಪ್ಪಿನಲ್ಲಿ ಅಲ್ಲೊಂದು ಅಂಕಿ ಇರುತ್ತದೆ, 3 ಅಥವಾ 5. ಜಿಪ್ ಮುಚ್ಚಿದಾಗ ಹಲ್ಲಿನ ಸಾಲು ಸುಮಾರು ಅಷ್ಟು ಮಿಲಿಮೀಟರ್ ಅಗಲ ಅಂತ ಅರ್ಥ. 3 ಅನ್ನುವುದು ಚೂಡಿದಾರದ ಬೆನ್ನಿಗೆ, ಪರ್ಸಿಗೆ, ದಿಂಬಿನ ಕವರಿಗೆ ಸರಿ. ದಿನಾ ಎರಡು ಮೂರು ಸಲ ಪೂರ್ತಿ ಬಿಚ್ಚಿ ಹಾಕುವ ಸ್ವೆಟರಿಗೆ 5 ಇರಬೇಕು. ನಿಮ್ಮದು 3 ಇರಬಹುದು, ಒಮ್ಮೆ ನೋಡಿ ಹೇಳಿ.

ಹಲ್ಲಿನಲ್ಲಿ ಮೂರು ಜಾತಿ. ದಾರದ ಹಾಗೆ ಸುರುಳಿ ಸುತ್ತಿರುವ ನೈಲಾನ್, ಒಂದೊಂದೇ ಹಲ್ಲು ಎರಕ ಹೊಯ್ದಿರುವ ಪ್ಲಾಸ್ಟಿಕ್, ಮತ್ತೆ ಲೋಹ. ಲೋಹದ್ದು ನೋಡೋಕೆ ಗಟ್ಟಿ, ಆದರೆ ಮೆತ್ತನೆ ಬಟ್ಟೆಗೆ ಭಾರ, ಬೆಳಿಗ್ಗೆ ಗಲ್ಲಕ್ಕೆ ತಾಗಿದರೆ ತಣ್ಣಗೆ ಚುರುಕ್ ಅನ್ನುತ್ತದೆ. ನನ್ನ ಮಾತು ಕೇಳುವುದಾದರೆ 5ನೇ ನಂಬರಿನ ಪ್ಲಾಸ್ಟಿಕ್ ಹಲ್ಲಿನದು. ವೈಕೆಕೆ ಅಂತ ಮೂರು ಅಕ್ಷರ ಕಂಡರೆ ಒಳ್ಳೆಯದೇ, ಜಪಾನಿನ ಕಂಪನಿ, 1934ರಿಂದ ಇದೆ, ಎಕ್ಸ್‌ಪೋರ್ಟ್ ಆರ್ಡರಿನಲ್ಲಿ ಬೈಯರ್ ಅದನ್ನೇ ಕೇಳುತ್ತಿದ್ದರು. ಆದರೆ ಆ ಅಕ್ಷರ ಇಲ್ಲ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ.

ಅಂಗಡಿಯಲ್ಲಿ ಇಷ್ಟು ಮಾಡಿ. ಜಿಪ್ಪನ್ನು ಅರ್ಧಕ್ಕೆ ಏರಿಸಿ, ರನ್ನರ್ ಮುಟ್ಟದೆ, ಎರಡೂ ಕಡೆಯ ಬಟ್ಟೆ ಹಿಡಿದು ಪಕ್ಕಕ್ಕೆ ಎಳೆಯಿರಿ. ರನ್ನರ್ ಇದ್ದಲ್ಲೇ ಇದ್ದರೆ ಅದರಲ್ಲಿ ಲಾಕ್ ಇದೆ. ಜಾರಿದರೆ ನೀವು ಗಾಡಿ ಮೇಲೆ ಕೂತಾಗಲೂ ಜಾರುತ್ತದೆ. ಆಮೇಲೆ ತಳ ನೋಡಿ. ಎಡಗಡೆ ಕಡ್ಡಿ, ಬಲಗಡೆ ಡಬ್ಬಿ ಇರುತ್ತದಲ್ಲ (ಕೆಲವದರಲ್ಲಿ ತಿರುಗಾಮುರುಗಾ), ಆ ಕಡ್ಡಿ ಡಬ್ಬಿಯ ತಳ ಮುಟ್ಟಿ ಕೂರಬೇಕು. ಅವಸರದಲ್ಲಿ ಕಡ್ಡಿ ಪೂರ್ತಿ ಕೂರುವ ಮೊದಲೇ ಎಳೆಯುತ್ತೇವೆ ನಾವು. ಕೆಳಗಿನ ಮೊದಲ ಎರಡು ಹಲ್ಲು ಓರೆಯಾಗುವುದು ಆಗಲೇ. ನಿಮಗೆ ಸೋಮವಾರ ಆದದ್ದು ಬಹುಶಃ ಎಷ್ಟೋ ದಿನದಿಂದ ಸ್ವಲ್ಪ ಸ್ವಲ್ಪ ಆಗುತ್ತಾ ಬಂದದ್ದು.

ಕೊನೆಯದಾಗಿ ಹೂಡಿಯನ್ನು ಮೇಜಿನ ಮೇಲೆ ಚಪ್ಪಟೆ ಹಾಸಿ ಜಿಪ್ ಪೂರ್ತಿ ಏರಿಸಿ. ಗೆರೆ ಎಳೆದ ಹಾಗೆ ನೆಟ್ಟಗೆ ಮಲಗಬೇಕು. ಹಾವಿನ ಹಾಗೆ ಅಂಕುಡೊಂಕಾಗಿದ್ದರೆ ವಾಪಸ್ ಇಡಿ. ನಾವು ಅದಕ್ಕೆ ವೇವ್ ಅನ್ನುತ್ತೇವೆ. ಕಾಟನ್ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಜಿಪ್ಪಿನ ಪಟ್ಟಿ ಪಾಲಿಯೆಸ್ಟರ್, ಅದು ಕುಗ್ಗಲ್ಲ. ಅಂಗಡಿಯಲ್ಲೇ ಡೊಂಕಾಗಿರುವುದು ಎರಡು ಒಗೆತ ಕಂಡ ಮೇಲೆ ಹೊಟ್ಟೆ ಮೇಲೆ ಗುಡ್ಡ ಎದ್ದ ಹಾಗೆ ಕಾಣುತ್ತದೆ. ಹಾಕಿದವರಿಗೆ ‘ಅಯ್ಯೋ ದಪ್ಪ ಆಗಿಬಿಟ್ನಾ’ ಅಂತ ಅನುಮಾನ.

ಕರಿಮಣಿ ಸಿಕ್ಕಿಕೊಂಡದ್ದು ಜಿಪ್ಪಿನ ಹಿಂದೆ ಒಳಪಟ್ಟಿ ಇಲ್ಲದ್ದಕ್ಕೆ. ಒಂದಿಂಚು ಅಗಲದ ಬಟ್ಟೆ ಒಳಗಡೆ ಉದ್ದಕ್ಕೂ ಬರಬೇಕು, ಮೇಲೆ ಗಲ್ಲದ ಹತ್ತಿರ ಜಿಪ್ಪಿನ ತುದಿ ಮೇಲೆ ಮಡಚಿ ಕೂರಬೇಕು. ದುಡ್ಡು ಉಳಿಸೋಕೆ ಮೊದಲು ತೆಗೆಯುವುದೇ ಅದನ್ನು.

ಗಣಿತ ಮಿಸ್:

ಈಗಷ್ಟೇ ಬೀರುವಿನಿಂದ ತೆಗೆದು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ರನ್ನರ್ ಬೆನ್ನ ಮೇಲೆ 3! ಒಳಪಟ್ಟಿ ಇಲ್ಲ. ಕೆಳಗಿನ ಮೂರು ಹಲ್ಲು ಓರೆ. ಮೇಜಿನ ಮೇಲೆ ಹಾಸಿದರೆ ಸೈನ್ ವೇವ್, ಬೋರ್ಡಿನ ಮೇಲೆ ನಾನು ಬರೆದದ್ದಕ್ಕಿಂತ ಚೆನ್ನಾಗಿದೆ. ನೀವು ಬಂದು ನೋಡಿದ ಹಾಗೆ ಹೇಳಿದಿರಿ.

ಇದನ್ನು ಸರಿ ಮಾಡೋಕೆ ಆಗುತ್ತಾ ಅಕ್ಕ?

ಫಿನಿಶಿಂಗ್ ಸೆಕ್ಷನ್:

ಹಲ್ಲು ಮುರಿದಿಲ್ಲ ಅಂದರೆ ಒಂದು ಉಪಾಯ ಇದೆ. ರನ್ನರಿಗೆ ಎರಡು ತುಟಿ ಇರುತ್ತದೆ. ಬಳಸಿ ಬಳಸಿ ಆ ತುಟಿ ಸ್ವಲ್ಪ ಅಗಲ ಆಗುತ್ತದೆ, ಆಗ ಹಲ್ಲನ್ನು ಒತ್ತಿ ಸೇರಿಸೋಕೆ ಆಗಲ್ಲ. ರನ್ನರನ್ನು ಪೂರ್ತಿ ಕೆಳಗೆ ತನ್ನಿ, ಇಕ್ಕಳದಲ್ಲಿ ಎಡಗಡೆ ಒಂದು ಸಲ, ಬಲಗಡೆ ಒಂದು ಸಲ ಮೆಲ್ಲಗೆ ಒತ್ತಿ. ಕಡಲೆ ಬೀಜದ ಸಿಪ್ಪೆ ಬಿಡಿಸುವಷ್ಟು ಬಲ ಸಾಕು. ಜಾಸ್ತಿ ಒತ್ತಿದರೆ ಜಾಗ ಬಿಟ್ಟು ಕದಲಲ್ಲ. ಆಮೇಲೆ ಹಲ್ಲಿನ ಮೇಲೆ ಮೇಣದ ಬತ್ತಿ ಉಜ್ಜಿ. ಇದು ಸ್ವಲ್ಪ ದಿನದ ಮಾತು ಅಷ್ಟೇ. ಗಟ್ಟಿ ಕೆಲಸ ಬೇಕಾದರೆ ಜಿಪ್ಪನ್ನೇ ಬದಲಾಯಿಸಬೇಕು.

ಸುಮ್ನೆ ಕೇಳ್ತೀನಿ:

ಬೆಂಗಳೂರಿನ ಚಳಿಗೆ ಇಷ್ಟು ದೊಡ್ಡ ಚರ್ಚೆಯಾ? ಶಿವರಾತ್ರಿ ಬಂದರೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ. ಎರಡು ತಿಂಗಳು ಒಂದು ಮಫ್ಲರ್ ಸುತ್ತಿಕೊಂಡರೆ ಆಯ್ತಪ್ಪ. ನಮ್ಮ ಕಾಲದಲ್ಲಿ ಜಿಪ್ಪೂ ಇರಲಿಲ್ಲ ಏನೂ ಇರಲಿಲ್ಲ.

ಗಣಿತ ಮಿಸ್:

ಸರ್, 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ ಇತ್ತು. ಇಲ್ಲಿಯವರೆಗಿನ ದಾಖಲೆ ಅದೇ. ನಿಮ್ಮ ಕಾಲ ಅದಾದರೆ ಮಫ್ಲರಿಗೆ ನನ್ನ ನಮಸ್ಕಾರ.

ಉದ್ದ ಮಫ್ಲರ್, ದುಪಟ್ಟಾ ಸ್ಕೂಟರಿಗೆ ಬೇಡವೇ ಬೇಡ. ತುದಿ ಚಕ್ರಕ್ಕೆ ಸಿಕ್ಕರೆ ಕಥೆ ಅಲ್ಲಿಗೇ ಮುಗಿಯಿತು. ಜಿಪ್ಪಿನದೇ ಬೇಕು ಅಂತ ಹಟ ಹಿಡಿದಿರುವುದಕ್ಕೆ ಅರ್ಧ ಕಾರಣ ಅದು. ಜಿಪ್ ಏರಿಸಿದರೆ ದುಪಟ್ಟಾ ಒಳಗೆ ಬಂದಿಯಾಗಿ ಕೂರುತ್ತದೆ.

ಕೊಪ್ಪದ ಮಳೆ:

ನಮ್ಮ ಕಡೆಯ ಲೆಕ್ಕವೇ ಬೇರೆ, ಆದರೂ ಹೇಳುತ್ತೇನೆ. ಇಲ್ಲಿ ಚಳಿಗಿಂತ ದೊಡ್ಡ ಶತ್ರು ಒಣಗದೇ ಇರುವುದು. ಜೂನ್ ಕಳೆದ ಮೇಲೆ ಕಾಟನ್ ಹೂಡಿ ಒಗೆದು ಹಾಕಿದರೆ ಮೂರು ದಿನ. ಮೈ ಒಣಗಿದರೂ ಕಂಕುಳು, ಸೊಂಟದ ಪಟ್ಟಿ, ಟೋಪಿಯ ಮಡಿಕೆ ಒಣಗಲ್ಲ. ಆಮೇಲೆ ಹಾಕಿಕೊಂಡರೆ ಮುಗ್ಗಲು ವಾಸನೆ. ಅಂಗನವಾಡಿಗೆ ಅದನ್ನು ಹಾಕಿಕೊಂಡು ಹೋದರೆ ಮಕ್ಕಳೇ ದೂರ ಕೂರುತ್ತವೆ.

ಫ್ಲೀಸ್ ಹಾಗಲ್ಲ. ಒಗೆದು, ನಾಲ್ಕು ಸಲ ಜೋರಾಗಿ ಕೊಡವಿ, ಜಗಲಿಯ ದಾರಕ್ಕೆ ಹಾಕಿದರೆ ಬೆಳಿಗ್ಗೆಗೆ ಹಾಕೋ ಹಾಗೆ ಆಗಿರುತ್ತದೆ. ನೀರು ಕುಡಿಯುವ ಬಟ್ಟೆಯೇ ಅಲ್ಲ ಅದು. ಅದಕ್ಕೇ ನಾನು ಮೂರು ವರ್ಷದಿಂದ ಒಂದೇ ಬೂದಿ ಬಣ್ಣದ ಫ್ಲೀಸಿನಲ್ಲಿ ಕಾಲ ಹಾಕುತ್ತಿದ್ದೇನೆ.

ಆದರೆ ಒಂದು ಎಚ್ಚರ. ಮೊದಲನೇ ಮಳೆಗಾಲದಲ್ಲಿ ಬೇಗ ಒಣಗಲಿ ಅಂತ ಬಚ್ಚಲ ಒಲೆಯ ಮೇಲಿನ ಗಳುವಿಗೆ ನೇತು ಹಾಕಿದೆ. ಹಸಿ ಸೌದೆ, ಚಟ್ ಅಂತ ಒಂದು ಕಿಡಿ ಹಾರಿತು. ಕಂಬಳಿಯಾಗಿದ್ದರೆ ಕರಿ ಚುಕ್ಕೆ ಆಗಿ ಆರಿಹೋಗುತ್ತಿತ್ತು. ಫ್ಲೀಸಿನಲ್ಲಿ ನಾಲ್ಕಾಣೆ ಅಗಲದ ತೂತು, ಅಂಚೆಲ್ಲ ಕರಗಿ ಮಣಿ ಕಟ್ಟಿತ್ತು. ನೀರಿನ ಬಾಟಲಿ ಮಾಡುವ ಅದೇ ಪಾಲಿಯೆಸ್ಟರ್ ಅಲ್ವಾ, ಇನ್ನೇನಾಗುತ್ತದೆ. ಆ ತೂತಿಗೆ ಒಂದು ಹೂವಿನ ಕಸೂತಿ ಹಾಕಿದ್ದೇನೆ. ಎಲ್ಲರೂ ಡಿಸೈನ್ ಅಂದುಕೊಂಡಿದ್ದಾರೆ. ಹಾಗಾಗಿ ಮಿಸ್, ಫ್ಲೀಸ್ ತಗೊಂಡರೆ ಬೆಳಿಗ್ಗೆ ಅದನ್ನು ಹಾಕಿಕೊಂಡು ಗ್ಯಾಸಿನ ಮುಂದೆ ನಿಲ್ಲಬೇಡಿ. ದೋಸೆ ಹುಯ್ದು ಮುಗಿಸಿ, ಹೊರಡುವಾಗ ಹಾಕಿಕೊಳ್ಳಿ.

ಇನ್ನೊಂದು, ತೋಳಿನ ಕೆಳಗೆ, ಬ್ಯಾಗ್ ಉಜ್ಜುವ ಕಡೆ ಸಣ್ಣ ಸಣ್ಣ ಉಂಡೆ ಏಳುತ್ತದೆ. ತಿರುಗಾಮುರುಗಾ ಮಾಡಿ ಒಗೆದರೆ ಕಡಿಮೆ. ಬೆವರಿನ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಊರಿನ ಮಧ್ಯಾಹ್ನಕ್ಕೆ ಅದು ಹಿಂಸೆ ಅನಿಸುತ್ತದೆ ನನಗೆ.

ಧಾರವಾಡದಾಕಿ:

ಟೀಚರ್ರೀ, ಎಲ್ಲರೂ ಕುರ್ತಾದ ಬಗ್ಗೆನೇ ಹೇಳಿದರು. ಸೀರೆಯ ಸೋಮವಾರ ಏನು ಮಾಡುತ್ತೀರಿ? ನಾನು ವಾರದಾಗ ಆರು ದಿನಾ ಸೀರೆ ಉಡುವಾಕಿ, ಬ್ಯಾಂಕಿನಾಗ ಕೆಲಸ. ಸೀರೆ ಮೇಲೆ ಕುತ್ತಿಗೆ ತನಕ ಜಿಪ್ ಏರಿಸಿದರೆ ಸೆರಗಿನ ನಿರಿಗೆ ಎಲ್ಲಾ ಒಳಗ ಗಂಟು ಬೀಳುತ್ತದೆ, ಪಿನ್ನು ಭುಜಕ್ಕ ಚುಚ್ಚುತ್ತದೆ. ಇಳಿದು ತೆಗೆದಾಗ ಇಸ್ತ್ರಿ ಮಾಡಿದ್ದು ನಾನೇನಾ ಅನ್ನುವ ಹಾಗೆ ಇರುತ್ತದೆ. ಸೀರೆಗೆ ಸ್ವಲ್ಪ ಸಡಿಲ ಇರುವುದೇ ಬೇಕ್ರೀ. ತಗೊಳ್ಳುವಾಗ ಒಂದು ಸೈಜ್ ದೊಡ್ಡದು ತಗೊಳ್ಳಿ. ಸೆರಗನ್ನು ಸುತ್ತಿ ಎಡಗೈ ಕೆಳಗಿಂದ ತಂದು ಮುಂದೆ ಸಿಗಿಸಿ, ಆಮೇಲೆ ಜಿಪ್ ಎದೆ ತನಕ ಏರಿಸಿ. ಒಂದು ಸಣ್ಣ ಸ್ಕಾರ್ಫ್ ಕುತ್ತಿಗೆಗೆ, ತುದಿ ಒಳಗ.

ನಮ್ಮಲ್ಲಿ ಚಳಿ ಶುರು ಆದ ಕೂಡಲೇ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ. ಮುಂಡಗೋಡದ ಕ್ಯಾಂಪ್ ಹತ್ತಿರ ಅಲ್ಲೇನ್ರೀ, 1966ರಿಂದ ಇದ್ದಾರೆ ಅವರು ಅಲ್ಲಿ. ನಾನು ಪ್ರತಿ ವರ್ಷ ಒಬ್ಬರೇ ಅಜ್ಜಿಯ ಹತ್ತಿರ ತಗೊಳ್ಳುತ್ತೇನೆ. ಕನ್ನಡ ಚಲೋ ಮಾತಾಡುತ್ತಾರೆ, ಚೌಕಾಶಿ ಮಾತ್ರ ನಡೆಯಲ್ಲ. ಮಾಲು ಬಹಳಷ್ಟು ಲೂಧಿಯಾನದ್ದು ಅಂತ ಅವರೇ ಹೇಳಿದರು. ಹೋದ ಸಲ ಒಂದು ಜಿಪ್ಪಿನ ಹೆಣೆದ ಸ್ವೆಟರ್ ತಗೊಂಡೆ. ಸೀರೆಗೂ ಆಗುತ್ತದೆ, ಕುರ್ತಾಕ್ಕೂ ಆಗುತ್ತದೆ. ಆದರೆ ಗಾಡಿ ಮೇಲೆ ಗಾಳಿ ತೂರುತ್ತದೆ, ಅದು ಖರೇ.

ಡಬ್ಲಿನ್ ಸೊಸೆ:

ಒಂದೇ ಮಾತು. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ‘ಒಂದು ಒಳ್ಳೆಯ ದಪ್ಪದ್ದು’ ಹುಡುಕಿದೆ. ಇಲ್ಲಿಯವರು ಯಾರೂ ಹಾಗೆ ಮಾಡಲ್ಲ. ಎರಡು ತೆಳ್ಳಗಿನದು ಹಾಕುತ್ತಾರೆ, ಬಿಸಿಲು ಬಂದರೆ ಒಂದು ತೆಗೆಯುತ್ತಾರೆ, ಮಳೆ ಬಂದರೆ ಹಾಕುತ್ತಾರೆ, ಹತ್ತು ನಿಮಿಷಕ್ಕೆ ಮತ್ತೆ ತೆಗೆಯುತ್ತಾರೆ. ಒಳಗಿನದು ಬೆಚ್ಚಗಿರಲಿ, ಹೊರಗಿನದು ಗಾಳಿ ತಡೆಯಲಿ. ಮಿಸ್ ಅವರದೂ ಅದೇ ಸಮಸ್ಯೆ ಅಲ್ವಾ, ಮಳೆ ಬದಲು ಬಿಸಿಲು.

ಜಿಪ್ಪಿನಲ್ಲಿ ಎರಡು ರನ್ನರ್ ಇರುವುದು ಸಿಕ್ಕರೆ ಬಿಡಬೇಡಿ. ಕೂತಾಗ ಕೆಳಗಿನಿಂದ ಒಂದು ಗೇಣು ಬಿಚ್ಚಬಹುದು, ಕುರ್ತಾ ಸೊಂಟದಲ್ಲಿ ಮುದ್ದೆ ಆಗಲ್ಲ.

ಹೆಬ್ಬಾಳ ಫ್ಲೈಓವರ್:

ಎರಡು ರನ್ನರಿನದು 1,500ರೊಳಗೆ ಸಿಗುವುದು ಕಷ್ಟ. ನಾನು ಹುಡುಕಿ ಸಾಕಾಗಿದ್ದೇನೆ. ಆದರೆ ಎರಡು ತೆಳ್ಳಗಿನದು ಅನ್ನುವುದು ಸರಿ. ಮತ್ತೆ ಮಿಸ್, ಆ 1,199ರ ಹೂಡಿಯ ಚೀಟಿಯಲ್ಲಿ ಜಿಎಸ್‌ಎಂ ಬರೆದಿತ್ತಾ?

ಗಣಿತ ಮಿಸ್:

ಬರೆದಿತ್ತು, 320. ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಮಿನಲ್ಲಿ, ಇದೊಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಫಿನಿಶಿಂಗ್ ಸೆಕ್ಷನ್:

320 ನಮ್ಮೂರಿಗೆ ಜಾಸ್ತಿ ಮಿಸ್. ಒಳಮೈ ಬ್ರಷ್ ಮಾಡಿ ಉಣ್ಣೆ ಹಾಗೆ ಎಬ್ಬಿಸಿರುತ್ತಾರೆ, ಎಂಟು ಗಂಟೆ ಮೇಲೆ ಬೇಯುತ್ತೀರಿ. 240ರ ಸುತ್ತ ಇರುವ, ಒಳಗಡೆ ಟವೆಲ್ ಹಾಗೆ ಸಣ್ಣ ಕುಣಿಕೆ ಕಾಣುವ ಬಟ್ಟೆ ಸಾಕು. ಲೂಪ್ ನಿಟ್ ಅಂತಾರೆ. ನಿಮ್ಮ ಹಳೆ ಮೆರೂನಿನ ಒಳಮೈ ಹೇಗಿದೆ? ಕುಣಿಕೆ ಇದೆಯಾ?

ಗಣಿತ ಮಿಸ್:

ಕುಣಿಕೆಯೇ! ಭೂತಗನ್ನಡಿ ಬೇಕಾಗಿಲ್ಲ, ಹಾಗೇ ಕಾಣುತ್ತದೆ.

ಫಿನಿಶಿಂಗ್ ಸೆಕ್ಷನ್:

ಹಾಗಾದರೆ ಹೊಸದು ಯಾಕೆ? ಬಟ್ಟೆ ಸರಿ ಇದೆ, ಕುಗ್ಗುವುದೆಲ್ಲ ಕುಗ್ಗಿ ಮುಗಿದಿದೆ. ಇನ್ನು ಹೊಸ ಜಿಪ್ ಹಾಕಿದರೆ ವೇವ್ ಬರಲ್ಲ. ಟೈಲರಿಗೆ ಕೊಡುವ ಮೊದಲು ಒಂದು ಸಲ ಒಗೆದು, ಹಳೆ ಜಿಪ್ ಬಿಚ್ಚಿದ ಮೇಲೆ ಇಸ್ತ್ರಿ ಮಾಡಿಸಿ. ಉಳಿದ ದುಡ್ಡಿಗೆ ಆ ತೆಳ್ಳಗಿನ ಜರ್ಕಿನ್ ತಗೊಳ್ಳಿ, ಹೂಡಿ ಮೇಲೆ ಹಾಕುವ ಹಾಗೆ ಒಂದು ಸೈಜ್ ದೊಡ್ಡದು.

ಗಣಿತ ಮಿಸ್ (ಮೂರು ವಾರದ ನಂತರ):

ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಮೊದಲು ಇಕ್ಕಳದ ಉಪಾಯ ಮಾಡಿದೆ. ಕಡಲೆ ಸಿಪ್ಪೆಯ ಬಲ ಅಂತ ಹೇಳಿದ್ದಿರಿ, ನಮ್ಮ ಯಜಮಾನರು ಬಾದಾಮಿ ಒಡೆಯುವ ಬಲ ಹಾಕಿದರು. ಆದರೂ ನಾಲ್ಕು ದಿನ ಬಂತು. ಐದನೇ ದಿನ ಯಲಹಂಕದ ಸಿಗ್ನಲ್ಲಿನಲ್ಲಿ ಮತ್ತೆ ಬಾಯಿ ಬಿಟ್ಟಿತು.

ಆಮೇಲೆ ನಮ್ಮ ಬೀದಿ ಕೊನೆಯ ಟೈಲರ್ ಹತ್ತಿರ ಹೋದೆ. ಬ್ಲೌಸ್ ಹೊಲಿಯುವವರು. ಹೂಡಿ ನೋಡಿ ‘ಇದೆಲ್ಲ ನಾನು ಮಾಡಲ್ಲ ಮೇಡಂ’ ಅಂದರು. ಇಲ್ಲಿ ಅಕ್ಕ ಬರೆದದ್ದನ್ನು ಮೊಬೈಲಿನಲ್ಲಿ ತೋರಿಸಿದೆ. ಪೂರ್ತಿ ಓದಿದರು, ಎರಡು ಸಲ. ‘ಬರೆದೋರು ಕೆಲಸ ಗೊತ್ತಿರೋರು’ ಅಂತ ಹೇಳಿ ಟೇಪ್ ತೆಗೆದರು. ಜಿಪ್ ಮಾತ್ರ ನಾನೇ ತರಬೇಕಿತ್ತು. ಚಿಕ್ಕಪೇಟೆಗೆ ಹೋಗುವ ಸಹೋದ್ಯೋಗಿ ಹತ್ತಿರ ತರಿಸಿದೆ, 5ನೇ ನಂಬರು, ಪ್ಲಾಸ್ಟಿಕ್ ಹಲ್ಲು, 24 ಇಂಚು. ಮೆರೂನ್ ಸಿಗಲಿಲ್ಲ, ಕಪ್ಪು. ನೋಡಿದರೆ ಬೇಕು ಅಂತಲೇ ಹಾಕಿಸಿದ ಹಾಗಿದೆ.

ಟೋಪಿ ಕತ್ತರಿಸಿಬಿಡಿ ಅಂದೆ. ಅವರಿಗೆ ಸಂಕಟ. ‘ಚೆನ್ನಾಗಿರೋ ಬಟ್ಟೆ ಮೇಡಂ’ ಅಂತ ಕತ್ತರಿ ಹಿಡಿದು ಎರಡು ನಿಮಿಷ ಕೂತಿದ್ದರು. ಕೊನೆಗೆ ಕತ್ತರಿಸಿ, ಅದೇ ಬಟ್ಟೆಯಲ್ಲಿ ಎರಡಿಂಚಿನ ನಿಂತ ಕಾಲರ್ ಮಾಡಿದರು. ಇನ್ನೂ ಮಿಕ್ಕಿತ್ತು. ಅದರಲ್ಲಿ ಒಂದಿಂಚಿನ ಪಟ್ಟಿ ಕತ್ತರಿಸಿ, ಅಲ್ಲಲ್ಲಿ ಜೋಡಿಸಿ ಜಿಪ್ಪಿನ ಹಿಂದೆ ಒಳಪಟ್ಟಿ ಕೊಟ್ಟರು, ಗಲ್ಲದ ಹತ್ತಿರ ಮಡಚಿ. ನಾನು ಕೇಳಿರಲಿಲ್ಲ. ಓದಿದ್ದರಲ್ಲ, ನೆನಪಿಟ್ಟುಕೊಂಡಿದ್ದರು. ಜಿಪ್ಪು, ಮಜೂರಿ ಎಲ್ಲ ಸೇರಿ 210 ರೂಪಾಯಿ.

ಜರ್ಕಿನ್ನೂ ತಗೊಂಡೆ. ಚಿಪ್ಸ್ ಪ್ಯಾಕೆಟ್ಟಿನ ಸದ್ದು ಇನ್ನೂ ಇದೆ, ಆದರೆ ಹೆಲ್ಮೆಟ್ಟಿನೊಳಗೆ ಕೇಳಿಸಲ್ಲ. ಈಗ ಬೆಳಿಗ್ಗೆ ಎರಡೂ ಹಾಕಿಕೊಂಡು ಹೊರಡುತ್ತೇನೆ. ಶಾಲೆಯಲ್ಲಿ ಜರ್ಕಿನ್ ಮಡಚಿ ಗಾಡಿಯ ಡಿಕ್ಕಿಗೆ ಹಾಕುತ್ತೇನೆ, ಮುಷ್ಟಿ ಗಾತ್ರ ಆಗುತ್ತದೆ. ಎರಡನೇ ಪೀರಿಯಡ್ ತನಕ ಮೆರೂನ್ ಮೈಮೇಲೆ, ಆಮೇಲೆ ಕುರ್ಚಿ ಮೇಲೆ. ಪುಟ್ಟೇನಹಳ್ಳಿ ಕೆರೆಯ ಗಾಳಿ ಎದೆಗೆ ಬರುತ್ತಿಲ್ಲ. ಮಣಿಕಟ್ಟಿನಲ್ಲಿ ಮಾತ್ರ ನುಗ್ಗುತ್ತದೆ, ಅದಕ್ಕೊಂದು ಗ್ಲೌಸ್ ನೋಡಬೇಕು. ಮೂರು ವಾರದಲ್ಲಿ ಕರಿಮಣಿ ಒಂದು ಸಲವೂ ಸಿಕ್ಕಿಕೊಂಡಿಲ್ಲ. ಸೀರೆಯ ಸೋಮವಾರ ಧಾರವಾಡದ ಅಕ್ಕ ಹೇಳಿದ ಹಾಗೆ ಎದೆ ತನಕ ಮಾತ್ರ ಜಿಪ್ಪು. ನಿರಿಗೆ ಅರ್ಧ ಉಳಿಯುತ್ತದೆ, ಅರ್ಧ ಹೋಗುತ್ತದೆ.

ಟೋಪಿಯ ದಾರ ಮಿಕ್ಕಿತ್ತು. ಒಳ್ಳೆ ಗಟ್ಟಿ ದಾರ. ನಮ್ಮತ್ತೆ ತಗೊಂಡು ತಮ್ಮ ಲಂಗಕ್ಕೆ ಲಾಡಿ ಹಾಕಿಕೊಂಡಿದ್ದಾರೆ. ‘ಹೂಡಿಯವರು ಬಂದಿದ್ದು ಕೊನೆಗೂ ಉಪಯೋಗಕ್ಕೆ ಬಂತು’ ಅಂತಾರೆ.